ನಲವತ್ತೊಂದು ಸಹಿ ಬಿದ್ದ ಗುಟ್ಟು

ಸಿಟ್ಟು ಇಳಿದ ಮೇಲೆ ಬರೆಯಬೇಕು ಎಂದು ತಿಳಿದವರು ಹೇಳುತ್ತಾರೆ. ಆರು ತಿಂಗಳು ಕಾದೆ. ಇಳಿಯಲಿಲ್ಲ. ಇನ್ನು ಕಾದರೆ ನಾನೇ ನಿವೃತ್ತನಾಗುತ್ತೇನೆ, ಸಿಟ್ಟು ಮಾತ್ರ ಸೇವೆಯಲ್ಲಿ ಮುಂದುವರಿಯುತ್ತದೆ ಎಂದು ತೋರಿದ್ದರಿಂದ ಈಗಲೇ ಬರೆದುಬಿಡುತ್ತಿದ್ದೇನೆ.

ನಮ್ಮದೊಂದು ಟ್ರಸ್ಟ್ ನಡೆಸುವ ಖಾಸಗಿ ಪಾಲಿಟೆಕ್ನಿಕ್. ಮುಖ್ಯ ಕಟ್ಟಡ ಶಿವಮೊಗ್ಗದಲ್ಲಿ, ನವುಲೆಯ ಆಚೆ. ಶಾಖೆ ಭದ್ರಾವತಿಯ ನ್ಯೂ ಟೌನಿನಲ್ಲಿ. ಎರಡಕ್ಕೂ ಸೇರಿ ಒಂದೇ ಸರ್ವರ್. ಅಂಕಪಟ್ಟಿ, ಹಾಜರಿ, ವೇಳಾಪಟ್ಟಿ, ಟ್ರಸ್ಟಿನವರ ಮೊಮ್ಮಕ್ಕಳ ನಾಮಕರಣದ ಫೋಟೊಗಳು, ಎಲ್ಲವೂ ಅದರ ಹೊಟ್ಟೆಯಲ್ಲಿ. ಅದರ ಪಾಲಕ ನಾನು. ಮೊದಲು ಇದೇ ಸಂಸ್ಥೆಯಲ್ಲಿ ಟೈಪಿಸ್ಟ್ ಆಗಿದ್ದೆ. ಸರ್ವರ್ ಬಂದ ದಿನ ಅದರ ಜೊತೆಗೆ ಬಂದಿದ್ದ ದಪ್ಪ ಪುಸ್ತಕವನ್ನು ಸುಮ್ಮನೆ ಕುತೂಹಲಕ್ಕೆ ತೆರೆದು ನೋಡಿದೆ. ಪುಸ್ತಕ ಓದಬಲ್ಲ ಮನುಷ್ಯ ಸಿಕ್ಕಿದನೆಂದು ಸರ್ವರನ್ನು ನನ್ನ ಕೊರಳಿಗೇ ಕಟ್ಟಿದರು. ಕುತೂಹಲ ಒಳ್ಳೆಯದಲ್ಲ ಎಂದು ಅಂದಿನಿಂದ ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ.

ಎಲ್ಲ ಶುರುವಾದದ್ದು ಒಬ್ಬ ಗುಮಾಸ್ತರಿಂದ. ಅವರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಆದರೆ ಸರ್ವರಿನ ದಾಖಲೆಯ ಪ್ರಕಾರ ದಿನವೂ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಕೆಲಸಕ್ಕೆ ಹಾಜರಾಗುತ್ತಿದ್ದರು. ಸೇವೆಯಲ್ಲಿದ್ದಾಗ ಆ ಮಹಾನುಭಾವರು ಒಂದು ದಿನವೂ ಅಷ್ಟು ಹೊತ್ತಿಗೆ ಬಂದವರಲ್ಲ. ವಿಚಾರಿಸಿದರೆ, ಅವರ ಪಾಸ್‌ವರ್ಡ್ ಇಡೀ ಕಚೇರಿಗೆ ಬಾಯಿಪಾಠವಾಗಿತ್ತು. ಸ್ವಂತದ್ದು ಮರೆತವರೆಲ್ಲ ಅವರ ಹೆಸರಿನಲ್ಲೇ ಒಳಗೆ ಹೋಗುತ್ತಿದ್ದರು. ಇದನ್ನು ನಾನು ವರದಿ ಮಾಡಿದೆ. ವರದಿ ಓದಿದಾಗ ಟ್ರಸ್ಟಿನ ಕಾರ್ಯದರ್ಶಿಗಳು ಎಲ್ಲೋ ಸೈಬರ್ ಸುರಕ್ಷತೆಯ ಕಾರ್ಯಾಗಾರದಲ್ಲಿ ಕುಳಿತಿದ್ದರಂತೆ. ವಾಪಸು ಬಂದು ಸೋಗಾನೆಯಲ್ಲಿ ವಿಮಾನ ಇಳಿದ ಕೂಡಲೇ ಫೋನ್ ಮಾಡಿದರು. ಹಿಂದೆ ಸಾಮಾನಿನ ಬೆಲ್ಟು ತಿರುಗುವ ಸದ್ದು ಕೇಳುತ್ತಿತ್ತು.

"ನಾಳೆ ಸಂಜೆ ಒಳಗೆ ಎಲ್ಲರ ಪಾಸ್‌ವರ್ಡೂ ಚೇಂಜ್ ಆಗ್ಬೇಕು. ಒಬ್ರದ್ದೂ ಹಳೇದು ಇರ್ಬಾರ್ದು."

"ಈ ವಾರ ಬೇಡ ಸಾರ್. ಇಂಟರ್ನಲ್ ಮಾರ್ಕ್ಸ್ ಎಂಟ್ರಿ ನಡೀತಿದೆ. ಶನಿವಾರ ಮುಗಿಯುತ್ತೆ, ಆಮೇಲೆ ಮಾಡ್ತೀನಿ."

"ಕಳ್ಳ ಶನಿವಾರದ ತನಕ ಕಾಯ್ತಾನೇನ್ರೀ?"

"ಸರಿ ಸಾರ್. ಎಲ್ಲರದ್ದೂ ಅಂದ್ರೆ ನಿಮ್ಮದೂ ಸೇರಿ ತಾನೇ?"

"ನಂದು ಬಿಡಿ. ನಂಗೆ ಹಳೇದು ಅಭ್ಯಾಸ ಆಗಿದೆ."

ಮರುದಿನ ಸೋಮವಾರ. ಒಂದು ಕಡೆ ಹೆಸರು, ಇನ್ನೊಂದು ಕಡೆ ಒಬ್ಬೊಬ್ಬರಿಗೂ ಬೇರೆ ಬೇರೆ ಒಂಬತ್ತಕ್ಷರದ ಪಾಸ್‌ವರ್ಡ್. ಹೀಗೊಂದು ಪಟ್ಟಿ ಮಾಡಿ ಸರ್ವರಿಗೆ ಹತ್ತು ಸಾಲಿನ ಆಜ್ಞೆ ಕೊಟ್ಟೆ. ಎರಡು ಊರಿನವರು ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿದ್ದ ಮನೆದೇವರ ಹೆಸರು, ಮಕ್ಕಳ ಅಡ್ಡಹೆಸರು, ಸ್ಕೂಟರ್ ನಂಬರು ಎಲ್ಲ ಒಂದು ಸೀನು ಸೀನುವಷ್ಟರಲ್ಲಿ ಅಳಿಸಿಹೋದವು. ಇಷ್ಟೊಂದು ಜನರ ಬಾಗಿಲಿಗೆ ಏಕಕಾಲದಲ್ಲಿ ಬೀಗ ಬದಲಾಯಿಸುವ ಅಧಿಕಾರ ಹಳೆಯ ಪಾಳೆಯಗಾರರಿಗೂ ಇದ್ದಿರಲಾರದು. ಕೊಂಚ ಬೀಗಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಜೊತೆಗೆ ಒಂದು ಕಟ್ಟುಪಾಡು ಹಾಕಿದ್ದೆ. ಮೊದಲ ಸಲ ಒಳಗೆ ಬಂದವರು ನಾನು ಕೊಟ್ಟದ್ದನ್ನು ಬಿಟ್ಟು ತಮ್ಮದೇ ಹೊಸದೊಂದು ಪಾಸ್‌ವರ್ಡ್ ಇಟ್ಟುಕೊಳ್ಳಲೇಬೇಕು. ಆಗ ನನ್ನ ಪಟ್ಟಿ ಕಸವಾಗುತ್ತದೆ, ಗುಟ್ಟು ಅವರವರ ಬಳಿ ಉಳಿಯುತ್ತದೆ.

ಶಿವಮೊಗ್ಗದಲ್ಲಿ ಪಟ್ಟಿಯನ್ನು ಕತ್ತರಿಸಿ, ಒಂದೊಂದು ಚೀಟಿಯನ್ನೂ ಮಡಿಸಿ, ಪಿನ್ ಹೊಡೆದು, ಅವರವರ ಕೈಗೇ ಕೊಟ್ಟುಬಂದೆ. ಭದ್ರಾವತಿಯ ನಲವತ್ತೊಂದು ಚೀಟಿಗಳನ್ನು ಮರುದಿನ ನಾನೇ ಒಯ್ಯುವವನಿದ್ದೆ. ಅಷ್ಟರಲ್ಲಿ ಅಲ್ಲಿನ ಕಚೇರಿ ಸೂಪರಿಂಟೆಂಡೆಂಟರ ಫೋನ್ ಬಂತು.

"ಚೀಟಿ ಗೀಟಿ ಎಲ್ಲ ನಮ್ಮಲ್ಲಿ ನಡೆಯಲ್ಲ ಮಾರಾಯ್ರೆ. ನಾಳೆ ಯಾರೋ ಒಬ್ರು 'ನಂಗೆ ಬಂದೇ ಇಲ್ಲ' ಅಂದ್ರೆ ಯಾರು ಹೊಣೆ? ಕೊಟ್ಟಿದ್ದಕ್ಕೆ ಒಂದು ದಾಖಲೆ ಬೇಕು. ನೀವು ಬರೋದೇ ಬೇಡ, ಲಿಸ್ಟ್ ಮೇಲ್ ಮಾಡಿ. ನಾನು ನೋಡ್ಕೋತೀನಿ."

ಕಳಿಸಿದೆ. ಬಸ್ಸಿನ ಓಡಾಟ ತಪ್ಪಿತಲ್ಲ ಎಂದು ಖುಷಿಯಾಗಿಯೇ ಕಳಿಸಿದೆ. ಮುಂದೆ ನಾನು ಯಾರ್ಯಾರನ್ನೋ ಬೈಯಲಿದ್ದೇನೆ. ಬೈಸಿಕೊಳ್ಳಬೇಕಾದವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಎಂಬುದು ಓದುವವರ ಗಮನದಲ್ಲಿರಲಿ.

ಮಂಗಳವಾರ ಭದ್ರಾವತಿಯಿಂದ ದೂರುಗಳ ಮೇಲೆ ದೂರು. "ಹೊಸದು ಕೊಟ್ಟು ಮತ್ತೆ ಹೊಸದು ಕೇಳ್ತದಲ್ಲ, ಇದ್ಯಾವ ನ್ಯಾಯ?" ಎನ್ನುವುದು ಸಾರಾಂಶ. ಮಧ್ಯಾಹ್ನ ಅಲ್ಲಿನ ಪ್ರಾಂಶುಪಾಲರೇ ಫೋನ್ ಮಾಡಿದರು.

"ಆ ಎರಡನೇ ಸಲ ಕೇಳೋದನ್ನ ತೆಗೀರಿ. ಎಂಟ್ರಿ ಮುಗಿದ ಮೇಲೆ ಬೇಕಾದ್ರೆ ಹಾಕೋಣ."

"ತೆಗೆದ್ರೆ ನಾನು ಕೊಟ್ಟಿದ್ದೇ ಎಲ್ಲರಿಗೂ ಉಳೀತದೆ ಸಾರ್. ಒಂದು ಸಾಲು ಬರೆದು ಕಳಿಸ್ತೀರಾ?"

"ಫೋನಲ್ಲಿ ಹೇಳಿದ್ರೆ ಆಗಲ್ವೇನ್ರೀ ನಿಮಗೆ?"

ಆಯಿತು. ತೆಗೆದೆ.

ಬುಧವಾರ ವರ್ಕ್‌ಶಾಪಿನ ಇನ್‌ಸ್ಟ್ರಕ್ಟರ್ ಫೋನ್ ಮಾಡಿದರು. ಊರಿನ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ಹುಟ್ಟಿ ಬೆಳೆದ, ಮನೆಯಲ್ಲಿ ತಮಿಳು ಮಾತಾಡುವ, ಮನಸ್ಸಿನಲ್ಲಿ ಒಂದು ಚೂರೂ ಕಲ್ಮಶವಿಲ್ಲದ ಮನುಷ್ಯ.

"ಎನ್ನ ಸಾರ್ ಇದು? ನಂಗೆ ಕೊಟ್ಟಿರೋದು ಬಾಯಲ್ಲಿ ಹೇಳೋಕೇ ಆಗಲ್ಲ. ಲೈಬ್ರರಿ ಮೇಡಮ್ಮಂದು ಎಷ್ಟು ಚೆನ್ನಾಗಿದೆ! ಅಂಥದ್ದೊಂದು ಕೊಡಿ ಸಾರ್."

"ಲೈಬ್ರರಿ ಮೇಡಮ್ಮಂದು ನಿಮಗೆ ಹೇಗೆ ಗೊತ್ತು?"

"ಬುಕ್ಕಲ್ಲಿ ಇದ್ಯಲ್ಲ ಸಾರ್. ನಂದರ ಮೇಲಿನ ಲೈನೇ ಅವರದ್ದು."

ಬುಕ್ಕು ಎಂದರೆ ಏನೆಂದು ಹೊರಗಿನವರಿಗೆ ಹೇಳಬೇಕು. ಭದ್ರಾವತಿಯ ಶಾಖೆಯಲ್ಲಿ ಸುತ್ತೋಲೆ ಪುಸ್ತಕವೆಂದು ಒಂದಿದೆ. ಕೆಂಪು ರಟ್ಟಿನ, ಉದ್ದನೆಯ ಪುಸ್ತಕ. ರಜೆ, ಸಭೆ, ಶ್ರದ್ಧಾಂಜಲಿ, ನೀರಿನ ಟ್ಯಾಂಕ್ ತೊಳೆಯುವ ದಿನ, ಏನೇ ಇರಲಿ, ಹಾಳೆಯನ್ನು ಅದರಲ್ಲಿ ಅಂಟಿಸುತ್ತಾರೆ. ಅಟೆಂಡರಮ್ಮ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ತರಗತಿಯಿಂದ ತರಗತಿಗೆ, ವರ್ಕ್‌ಶಾಪಿನಿಂದ ಲೈಬ್ರರಿಗೆ ಮೆರವಣಿಗೆ ಹೊರಡುತ್ತಾರೆ. ಪಾಠ ನಿಲ್ಲುತ್ತದೆ, ಲೇತ್ ನಿಲ್ಲುತ್ತದೆ, ಎಲ್ಲರೂ ತಮ್ಮ ಹೆಸರಿನ ಮುಂದೆ ಸಹಿ ಹಾಕುತ್ತಾರೆ. ಸಹಿ ಬಿತ್ತೆಂದರೆ ವಿಷಯ ಮುಗಿಯಿತು. ಸೂರ್ಯ ಇನ್ನು ಮುಂದೆ ಪಶ್ಚಿಮದಲ್ಲಿ ಹುಟ್ಟತಕ್ಕದ್ದು ಎಂದು ಅಂಟಿಸಿದರೂ ಸಹಿ ಹಾಕಿ, ಚಹಾ ಕುಡಿಯಲು ಹೋಗುವ ಶಿಸ್ತಿನ ಜನ.

ಅಂಥ ಪುಸ್ತಕದಲ್ಲಿ ನನ್ನ ಪಟ್ಟಿಯನ್ನು, ಹೆಸರು ಮತ್ತು ಪಾಸ್‌ವರ್ಡ್ ಎರಡೂ ಇರುವ ಹಾಗೆಯೇ, ಅಂಟು ಹಚ್ಚಿ ಅಂಟಿಸಿದ್ದರು. ಪಕ್ಕದಲ್ಲಿ ಸ್ಕೇಲಿಟ್ಟು ನೇರವಾಗಿ ಗೆರೆ ಎಳೆದು 'ಸಹಿ' ಎಂಬ ಅಂಕಣ. ಕೆಳಗೆ 'ಗೌಪ್ಯ' ಎಂಬ ಮೊಹರು.

ಸೂಪರಿಂಟೆಂಡೆಂಟರಿಗೆ ಫೋನ್ ಮಾಡಿದೆ. ಅವರ ದನಿಯಲ್ಲಿ ಮದುವೆ ಮುಗಿಸಿದ ಹೆಣ್ಣಿನ ತಂದೆಯ ತೃಪ್ತಿಯಿತ್ತು.

"ಫಸ್ಟ್ ಕ್ಲಾಸಾಗಿ ಆಯ್ತು ಸಾರ್. ನಲವತ್ತೊಂದಕ್ಕೆ ನಲವತ್ತೊಂದೂ ಸಹಿ. ಒಬ್ರದ್ದೂ ಬಾಕಿ ಇಲ್ಲ."

"ರೀ, ಪಾಸ್‌ವರ್ಡ್ ಅಂದ್ರೆ ಗುಟ್ಟು ಕಣ್ರೀ!"

"ಗುಟ್ಟೇ ಸಾರ್. ನಮ್ಮ ಸ್ಟಾಫ್ ಬಿಟ್ಟು ಹೊರಗಿನ ಒಂದು ನರಪಿಳ್ಳೆಗೂ ತೋರ್ಸಿಲ್ಲ."

ಭದ್ರಾವತಿಯವರದ್ದೆಲ್ಲ ಈಗಲೇ ಮತ್ತೊಮ್ಮೆ ಬದಲಾಯಿಸುತ್ತೇನೆ ಎಂದು ಪ್ರಾಂಶುಪಾಲರಿಗೆ ಹೇಳಿದೆ. "ಈಗ ಮುಟ್ಟಿದ್ರೆ ಎಂಟ್ರಿ ನಿಲ್ಲುತ್ತೆ. ಶನಿವಾರದ ತನಕ ಯಾರೂ ಏನೂ ಕೊಳ್ಳೆ ಹೊಡೆಯಲ್ಲ, ಸುಮ್ನಿರಿ" ಎಂದರು. ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಪ್ರಾಂಶುಪಾಲರು ಹೇಳಿದಂತೆ ಮಾಡಿ ಎಂದರು. ಭಾನುವಾರ ಕಾಯಲಾರದ ಕಳ್ಳ ಬುಧವಾರದ ಹೊತ್ತಿಗೆ ಕಾಯುವುದನ್ನು ಕಲಿತಿದ್ದ. ನಾನೂ ಸುಮ್ಮನಾದೆ.

ಇನ್ನು ಯಾರ ತಲೆಯ ಮೇಲೆ ಇದೆಲ್ಲ ಬಿತ್ತೋ ಅವರ ವಿಷಯ. ಭದ್ರಾವತಿಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಒಬ್ಬ ಉಪನ್ಯಾಸಕಿ. ಹತ್ತು ವರ್ಷದಿಂದ ತಾತ್ಕಾಲಿಕ. ಪ್ರತಿ ಜೂನ್‌ನಲ್ಲಿ ಹತ್ತು ತಿಂಗಳಿಗೆ ನೇಮಕ, ಏಪ್ರಿಲ್‌ನಲ್ಲಿ ಬಿಡುಗಡೆ, ಮತ್ತೆ ಜೂನ್‌ನಲ್ಲಿ ಏನೂ ಗೊತ್ತಿಲ್ಲದವರಂತೆ ಅರ್ಜಿ. ಆ ವರ್ಷ ಮೂವರನ್ನು ಕಾಯಂ ಮಾಡುವುದೆಂದು ಟ್ರಸ್ಟ್ ಪಟ್ಟಿ ಸಿದ್ಧಪಡಿಸುತ್ತಿತ್ತು. ಪಟ್ಟಿಯಲ್ಲಿ ಅವರದ್ದೇ ಮೊದಲ ಹೆಸರು ಎಂಬುದು ಎಲ್ಲರಿಗೂ ಗೊತ್ತಿತ್ತು.

ಅವರಿಗೊಂದು ಹಳೆಯ ಕಾಲದ ಅಭ್ಯಾಸ. ಅಂಕಗಳನ್ನು ಮೊದಲು ತಮ್ಮ ನೋಟ್‌ಬುಕ್ಕಿನಲ್ಲಿ ಶಾಯಿ ಪೆನ್ನಿನಿಂದ ಬರೆದು, ಆಮೇಲೆ ಸರ್ವರಿಗೆ ಏರಿಸುತ್ತಿದ್ದರು. ಎಲ್ಲ ಮುಗಿದ ಮೇಲೆ ಪ್ರಿಂಟ್ ತೆಗೆದು ಎರಡನ್ನೂ ತಾಳೆ ನೋಡುತ್ತಿದ್ದರು. ಶನಿವಾರ ಎಂಟ್ರಿ ಮುಗಿದು, ಸೋಮವಾರ ಹಾಗೆ ನೋಡುವಾಗ ಒಬ್ಬ ವಿದ್ಯಾರ್ಥಿಗೆ ನೋಟ್‌ಬುಕ್ಕಿನಲ್ಲಿ ಒಂಬತ್ತು, ಸರ್ವರಿನಲ್ಲಿ ಹತ್ತೊಂಬತ್ತು. ಹುಡುಗ ಟ್ರಸ್ಟಿನ ಸದಸ್ಯರೊಬ್ಬರ ತಂಗಿಯ ಮಗ. ಉಪನ್ಯಾಸಕಿ ಎರಡನ್ನೂ ಹಿಡಿದುಕೊಂಡು ನೇರ ಪ್ರಾಂಶುಪಾಲರ ಕೋಣೆಗೆ ಹೋಗಿ, ಯಾರೋ ತಿದ್ದಿದ್ದಾರೆ ಎಂದು ದೂರು ಕೊಟ್ಟರು.

ಸಂಜೆ ಪ್ರಾಂಶುಪಾಲರು ಫೋನಿನಲ್ಲಿ ನನ್ನನ್ನು ಕೇಳಿದರು, ತಿದ್ದಿದ್ದು ಯಾರ ಖಾತೆಯಿಂದ ಎಂದು. ನೋಡಿದೆ. ಶುಕ್ರವಾರ ಬೆಳಿಗ್ಗೆ ಹನ್ನೊಂದು ಮುಕ್ಕಾಲಕ್ಕೆ, ಸ್ಟಾಫ್ ರೂಮಿನ ಕಂಪ್ಯೂಟರಿನಿಂದ, ಉಪನ್ಯಾಸಕಿಯ ಹೆಸರಿನಲ್ಲೇ. ಆ ಹೊತ್ತಿನಲ್ಲಿ ಅವರು ಲ್ಯಾಬಿನಲ್ಲಿ ಇಪ್ಪತ್ತು ಜನರಿಗೆ ಬೆಸುಗೆ ಹಾಕುವುದು ಕಲಿಸುತ್ತಿದ್ದರು. "ಲ್ಯಾಬಿಂದ ಸ್ಟಾಫ್ ರೂಮಿಗೆ ಎರಡು ನಿಮಿಷದ ದಾರಿ" ಎಂದರು ಪ್ರಾಂಶುಪಾಲರು. ಮಂಗಳವಾರದ ಹೊತ್ತಿಗೆ ಕಥೆ ಪೂರ್ತಿ ಸಿದ್ಧವಾಗಿತ್ತು: ಕಾಯಂ ಆಗುವ ಆಸೆಗೆ ಸದಸ್ಯರನ್ನು ಮೆಚ್ಚಿಸಲು ಆಕೆಯೇ ತಿದ್ದಿದ್ದಾರೆ, ಆಮೇಲೆ ಹೆದರಿ ತಾನೇ ದೂರು ಕೊಟ್ಟು ನಾಟಕ ಆಡಿದ್ದಾರೆ. ಕದ್ದವನು ಓಡಿಹೋದ, ಕೂಗಿದವಳನ್ನು ಹಿಡಿಯಿರಿ! ಜೂನ್‌ನಲ್ಲಿ ಅವರಿಗೆ ನೇಮಕದ ಪತ್ರವೇ ಬರುವುದಿಲ್ಲ ಎಂದು ಕಾರಿಡಾರಿನಲ್ಲಿ ಮಾತಾಡತೊಡಗಿದರು.

ಬುಧವಾರ ವಿಚಾರಣೆ. ನಾನು ಬಸ್ಸಿನಲ್ಲಿ ಹೋದೆ. ವಿಚಾರಣಾ ಸಮಿತಿಯ ರಚನೆ ಹೀಗಿತ್ತು: ಅಧ್ಯಕ್ಷರು ಕಾರ್ಯದರ್ಶಿಗಳು, ಸದಸ್ಯರು ಪ್ರಾಂಶುಪಾಲರು, ನಡಾವಳಿ ಬರೆಯಲು ಸೂಪರಿಂಟೆಂಡೆಂಟ್. ಅವಸರದಲ್ಲಿ ಬೀಗ ಬದಲಾಯಿಸಿ ಎಂದವರು, ಚಿಲಕ ತೆಗೆಯಿರಿ ಎಂದವರು, ಬೀಗದಕೈಯನ್ನು ಊರೆಲ್ಲ ಮೆರೆಸಿದವರು, ಮೂವರೂ ನ್ಯಾಯಪೀಠದಲ್ಲಿ. ಪೀಠದಲ್ಲಿ ಇಲ್ಲದ ಅಪರಾಧಿ ನಾನೊಬ್ಬನೇ. ನನಗೆ ಸಾಕ್ಷಿಯ ಕುರ್ಚಿ ಹಾಕಿದ್ದರು.

ಉಪನ್ಯಾಸಕಿ ನಿಂತೇ ಇದ್ದರು. ಕೂರಿ ಎಂದು ಯಾರೂ ಹೇಳಿರಲಿಲ್ಲ.

"ನಾನೇ ಬಂದು ಹೇಳಿದ್ದಲ್ವಾ ಸಾರ್? ತಿದ್ದಿದ್ರೆ ಸುಮ್ನಿರ್ತಿದ್ದೆ" ಎಂದರು.

"ಅದನ್ನ ಆಮೇಲೆ ನೋಡೋಣ" ಎಂದು ಕಾರ್ಯದರ್ಶಿಗಳು ನನ್ನ ಕಡೆ ಒಂದು ಹಾಳೆ ತಳ್ಳಿದರು. ಟೈಪ್ ಮಾಡಿ ಇಟ್ಟಿದ್ದ ಒಂದೇ ಒಂದು ವಾಕ್ಯ: 'ಸರ್ವರಿನ ದಾಖಲೆಯ ಪ್ರಕಾರ ಅಂಕ ತಿದ್ದುಪಡಿಯು ಸದರಿ ಉಪನ್ಯಾಸಕಿಯ ಖಾತೆಯಿಂದಲೇ ಆಗಿರುತ್ತದೆ.' ಕೆಳಗೆ ನನ್ನ ಸಹಿಗೆ ಜಾಗ.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸುಳ್ಳಿದ್ದರೆ ಹರಿದು ಹಾಕಬಹುದಿತ್ತು. ನಿಜವನ್ನೇ ಒಂದು ಗೇಣಿಗೆ ಕತ್ತರಿಸಿ ಕೊಟ್ಟರೆ ಮನುಷ್ಯ ಏನು ಮಾಡಬೇಕು? ಮಿಕ್ಕದ್ದನ್ನು ನಾನೇ ಕೈಯಲ್ಲಿ ಬರೆದೆ. ಈ ಖಾತೆಯ ಪಾಸ್‌ವರ್ಡ್ ಶುಕ್ರವಾರದ ಹೊತ್ತಿಗೆ ನಲವತ್ತೊಂದು ಜನರ ಕಣ್ಣಿಗೆ ಬಿದ್ದಿತ್ತು. ಪಟ್ಟಿಯನ್ನು ಮೇಲ್ ಮಾಡಿದ್ದು ನಾನು. ಸುತ್ತೋಲೆ ಪುಸ್ತಕಕ್ಕೆ ಅಂಟಿಸಿದ್ದು ಸೂಪರಿಂಟೆಂಡೆಂಟರು. ಪಾಸ್‌ವರ್ಡ್ ಬದಲಾಯಿಸುವ ಕಡ್ಡಾಯವನ್ನು ತೆಗೆಸಿದ್ದು ಪ್ರಾಂಶುಪಾಲರು. ಹಿಂದಿನ ಬುಧವಾರವೇ ನಾನು ತಿಳಿಸಿದರೂ ಸರಿಪಡಿಸಲು ಯಾರೂ ಬಿಡಲಿಲ್ಲ. ಇಷ್ಟು ಬರೆದು ಸಹಿ ಹಾಕಿದೆ.

ಪ್ರಾಂಶುಪಾಲರು ಅದನ್ನು ಗಟ್ಟಿಯಾಗಿ ಓದಿದರು. "ಇದೆಲ್ಲ ಬರೀಬೇಕಾಗಿತ್ತಾ ಮಾರಾಯ್ರೆ?"

"ಬರೆದಾಗಿದೆ ಸಾರ್."

"ನಾನು ತೆಗೀರಿ ಅಂದಿದ್ದಕ್ಕೆ ನಿಮ್ಮ ಹತ್ರ ಏನು ದಾಖಲೆ ಇದೆ?"

"ನಿಮ್ಮ ಹತ್ರ ಕೇಳಿದ್ದೆ ಸಾರ್, ನೀವೇ ಕೊಡ್ಲಿಲ್ಲ. ಬುಕ್ಕು ಇದ್ಯಲ್ಲ, ಅದನ್ನ ತರಿಸಿ. ನಲವತ್ತೊಂದು ಸಹಿ ಇದೆ."

ಸೂಪರಿಂಟೆಂಡೆಂಟರು ಬರೆಯುವುದನ್ನು ನಿಲ್ಲಿಸಿ ಫ್ಯಾನ್ ನೋಡಿದರು. ಜೀವಮಾನದಲ್ಲಿ ಮೊದಲ ಬಾರಿಗೆ ಅವರಿಗೆ ಸಹಿಗಳ ಮೇಲೆ ಬೇಸರ ಹುಟ್ಟಿದಂತಿತ್ತು.

ಕಾರ್ಯದರ್ಶಿಗಳು ಜಾಣರು. "ಒಂದು ಕೆಲಸ ಮಾಡೋಣ. 'ತಾಂತ್ರಿಕ ದೋಷ' ಅಂತ ಬರೆದು ಮುಗಿಸೋಣ. ಯಾರಿಗೂ ತೊಂದ್ರೆ ಇಲ್ಲ. ಮೇಡಮ್ಮಿಗೂ ಒಳ್ಳೇದು" ಎಂದರು. ಬಾಯಿ ಬಾರದ ಸರ್ವರಿಗೆ ಅಪರಾಧ ಹೊರಿಸಿ ನಾವು ನಾಲ್ವರೂ ಮನೆಗೆ ಹೋಗಬಹುದಿತ್ತು. ಉಪನ್ಯಾಸಕಿಯ ಕೆಲಸ ಉಳಿಯುತ್ತದೆ ಎಂದು ನಾನೂ ತಲೆಯಾಡಿಸಲು ಹೊರಟಿದ್ದೆ.

"ಹಾಗಾದ್ರೆ ಮಾರ್ಕ್ಸು?" ಎಂದರು ಉಪನ್ಯಾಸಕಿ.

"ಅದು ಆಗಿದ್ದಾಯ್ತಲ್ಲಮ್ಮ. ಮಗುವಿನ ಭವಿಷ್ಯ..."

ಆ ಮಗುವಿಗೆ ಮೀಸೆ ಬಂದು ಮೂರು ವರ್ಷವಾಗಿತ್ತು.

"ಮಗೂಗೆ ಬಂದಿರೋದು ಒಂಬತ್ತು ಸಾರ್. ಮಿಕ್ಕವರೂ ಮಕ್ಕಳೇ ಅಲ್ವಾ? ಹತ್ತೊಂಬತ್ತು ಅಂತ ನನ್ನ ಹೆಸರಲ್ಲಿ ಇರಬಾರ್ದು. ಈಗಲೇ, ನಿಮ್ಮೆದುರಿಗೇ ಸರಿ ಮಾಡ್ತೀನಿ. ಮಾಡಿದ್ದಕ್ಕೆ ನೀವು ಮೂವರೂ ಸಹಿ ಹಾಕಿ."

"ನಿಮ್ಮ ಕಾಯಂ ವಿಷಯ ನಮ್ಮ ಕೈಲಿದೆ, ಗೊತ್ತಲ್ಲ?" ಎಂದರು ಪ್ರಾಂಶುಪಾಲರು.

"ಹತ್ತು ವರ್ಷದಿಂದ ಗೊತ್ತು ಸಾರ್."

ಕಾರ್ಯದರ್ಶಿಗಳು ನಾನು ಸಹಿ ಹಾಕಿದ್ದ ಹಾಳೆಯನ್ನು ಇನ್ನೊಮ್ಮೆ ನೋಡಿ, "ಆಯ್ತು, ಮಾಡಿ" ಎಂದರು. ಪ್ರಾಂಶುಪಾಲರ ಕಂಪ್ಯೂಟರಿನಲ್ಲೇ ನಾನು ಉಪನ್ಯಾಸಕಿಯ ಖಾತೆಯನ್ನು ತೆರೆದುಕೊಟ್ಟೆ. ಹೊಸ ಪಾಸ್‌ವರ್ಡ್ ಹಾಕುವ ಮೊದಲು ಅವರು ಕೀಲಿಮಣೆಯ ಮೇಲೆ ಕೈಯಿಟ್ಟು ಹಿಂದೆ ತಿರುಗಿದರು. "ಎಲ್ಲ ಆ ಕಡೆ ತಿರುಗಿ ಸಾರ್." ಕಾರ್ಯದರ್ಶಿಗಳು, ಪ್ರಾಂಶುಪಾಲರು, ಸೂಪರಿಂಟೆಂಡೆಂಟರು ಮೂವರೂ ಎದ್ದು ಗೋಡೆಗೆ ಮುಖ ಮಾಡಿ ನಿಂತರು. ನಾನೂ ನಿಂತೆ. ನಮ್ಮ ಸಂಸ್ಥೆಯ ಇತಿಹಾಸದಲ್ಲಿ ಒಂದು ಪಾಸ್‌ವರ್ಡಿಗೆ ಅಷ್ಟು ಗೌರವ ಸಿಕ್ಕಿದ್ದು ಅದೇ ಮೊದಲು. ಅವರು ಹತ್ತೊಂಬತ್ತನ್ನು ಒಂಬತ್ತು ಮಾಡಿದರು, ಪ್ರಿಂಟ್ ತೆಗೆದರು, ಮೂರು ಸಹಿ ಹಾಕಿಸಿಕೊಂಡರು. ಅಂಕವನ್ನು ನಿಜವಾಗಿ ತಿದ್ದಿದವರು ಯಾರು ಎಂದು ಸಮಿತಿ ಕೇಳಲಿಲ್ಲ. ನನಗೂ ಇವತ್ತಿನವರೆಗೆ ಗೊತ್ತಿಲ್ಲ.

ಹೊರಗೆ ಬಂದಾಗ ನ್ಯೂ ಟೌನಿನ ಅಗಲವಾದ ರಸ್ತೆಯಲ್ಲಿ ಸುಡುಬಿಸಿಲು. ಬಸ್ ಸ್ಟಾಪಿನ ತನಕ ಅವರು ನನ್ನ ಜೊತೆ ನಡೆದರು. ಧನ್ಯವಾದ ಹೇಳುತ್ತಾರೆ, ನಾನು ಬೇಡ ಎನ್ನಬೇಕು ಎಂದು ಸಣ್ಣದೊಂದು ವಿನಯವನ್ನು ಸಿದ್ಧ ಮಾಡಿಕೊಂಡಿದ್ದೆ.

"ಹೋದ ಬುಧವಾರವೇ ನಿಮಗೆ ಗೊತ್ತಿತ್ತಾ ಸಾರ್?" ಎಂದರು.

"ಗೊತ್ತಿತ್ತು."

"ಪಾಸ್‌ವರ್ಡನ್ನ ನಾವೇ ಬದಲಾಯ್ಸಿಕೊಳ್ಳೋಕೆ ಆಗ್ತಿತ್ತಾ?"

"ಆಗ್ತಿತ್ತು. ಎರಡು ನಿಮಿಷದ ಕೆಲಸ. ಮತ್ತೆ ಎಲ್ಲರದ್ದೂ ಬದಲಾಯ್ಸೋಕೆ ನಂಗೆ ಪರ್ಮಿಷನ್ ಕೊಡ್ಲಿಲ್ಲ ಮೇಡಂ, ನಾನು ಕೇಳಿದ್ದೆ..."

"ಎಲ್ಲರದ್ದು ಬಿಡಿ ಸಾರ್. ನಂಗೊಂದು ಫೋನ್ ಮಾಡೋಕೆ ಯಾರ ಪರ್ಮಿಷನ್ ಬೇಕಿತ್ತು?"

ನಲವತ್ತೊಂದು ಫೋನ್ ಮಾಡಲು ಅರ್ಧ ದಿನ ಸಾಕಿತ್ತು. ಹತ್ತು ಸಾಲಿನ ಆಜ್ಞೆಯಿಂದ ಎಲ್ಲರನ್ನೂ ಒಂದೇ ಏಟಿಗೆ ಸರಿಮಾಡುವ ಯೋಚನೆಯಲ್ಲಿದ್ದವನಿಗೆ ಒಬ್ಬೊಬ್ಬರಿಗೆ ಹೇಳಬಹುದು ಎಂಬುದೇ ಹೊಳೆದಿರಲಿಲ್ಲ. ಬಸ್ಸು ಬಂತು. ಅವರು ನಾನು ಹತ್ತುವ ತನಕವೂ ನಿಲ್ಲದೆ ಹೊರಟುಹೋದರು. ಅದು ಅವರ ಹಕ್ಕು.

ಮರುದಿನ ಮಿಕ್ಕ ನಲವತ್ತು ಜನರಿಗೂ ಫೋನ್ ಮಾಡಿ, ಒಬ್ಬೊಬ್ಬರೂ ತಮ್ಮ ಪಾಸ್‌ವರ್ಡ್ ಬದಲಾಯಿಸುವ ತನಕ ಫೋನಿನಲ್ಲೇ ಇದ್ದೆ. ಯಾರನ್ನೂ ಕೇಳಲಿಲ್ಲ. ಕಾರ್ಯದರ್ಶಿಗಳದ್ದನ್ನು ಮಾತ್ರ ನಾನೇ ಬದಲಾಯಿಸಿದೆ. ಅವರು ಮೂರು ದಿನ ಹಳೆಯದನ್ನೇ ಒತ್ತಿ ಒತ್ತಿ ದಣಿದ ಮೇಲೆ ಕಚೇರಿಗೆ ಬಂದರು. ಚೀಟಿ ಮಡಿಸಿ, ಪಿನ್ ಹೊಡೆದು ಕೊಟ್ಟೆ.

ಜೂನ್‌ನಲ್ಲಿ ಉಪನ್ಯಾಸಕಿಗೆ ಪತ್ರ ಬಂತು. ಮತ್ತೆ ಹತ್ತು ತಿಂಗಳಿಗೆ. ಕಾಯಂ ಆದ ಮೂವರಲ್ಲಿ ಅವರ ಹೆಸರಿರಲಿಲ್ಲ. ಯಾಕೆ ಎಂದು ನಾನು ಪ್ರಾಂಶುಪಾಲರನ್ನು ಕೇಳಿದೆ. "ಅವರದ್ದೊಂದು ವಿಷಯ ಇತ್ತಲ್ಲ ಮಾರಾಯ್ರೆ" ಎಂದರು. ಯಾವ ವಿಷಯ ಎಂದೆ. "ಬಿಡಿ, ಮುಗಿದು ಹೋಗಿದ್ದು" ಎಂದರು.

ಯಾವ ವಿಷಯ ಎಂದು ಈಗ ಬರವಣಿಗೆಯಲ್ಲಿ ಕೇಳುತ್ತಿದ್ದೇನೆ. ವಾರಕ್ಕೊಂದು ಪತ್ರ, ಪ್ರತಿ ಸೋಮವಾರ, ಸಮಿತಿಯ ಮೂವರಿಗೂ ಬೇರೆ ಬೇರೆಯಾಗಿ, ಅವರವರ ಕೈಗೇ. ಇದುವರೆಗೆ ಹದಿನಾಲ್ಕು ವಾರವಾಯಿತು. ನನ್ನ ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ.